ಬೊಮ್ಮ ಅಂದರೆ ಯಾವ ಬೊಮ್ಮ?

ಕಳೆದ ತಿಂಗಳು ನಮ್ಮ ಮಕ್ಕಳಿಗೆ ಒಂದು ಸಣ್ಣ ಪರೀಕ್ಷೆ ಕೊಟ್ಟಿದ್ದೆವು. ರಾಣಿ ಚೆನ್ನಮ್ಮನ ಬಗ್ಗೆ ಒಂದು ಪುಟ ಬರೆಯಿರಿ ಅಂತ. ಒಬ್ಬ ಹುಡುಗ ಬರೆದದ್ದರ ಸಾರಾಂಶ ಇಷ್ಟು: ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಬಂದರೂ ಹೆದರಲಿಲ್ಲ. ಆಮೇಲೆ ಥ್ಯಾಕರೆ ಸಾಹೇಬನ ದಂಡನ್ನು ಸೋಲಿಸಿದಳು. ಕೊನೆಗೆ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು.

ನಾವೆಲ್ಲ ಸೇರಿ ನಕ್ಕದ್ದೇ ನಕ್ಕದ್ದು. ಕೆಳದಿಯ ಚೆನ್ನಮ್ಮ ಪಟ್ಟಕ್ಕೆ ಬಂದದ್ದು 1671ರ ಸುಮಾರಿಗೆ. ರಾಜಾರಾಮ ಆಕೆಯ ಆಶ್ರಯ ಬೇಡಿ ಬಂದದ್ದು 1689ರಲ್ಲಿ. ಕಿತ್ತೂರು ಕೋಟೆಯ ಮುಂದೆ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ ತಿಂಗಳಲ್ಲಿ. ಕಿತ್ತೂರಿನ ಚೆನ್ನಮ್ಮ ತೀರಿಕೊಂಡದ್ದು 1829ರಲ್ಲಿ. ನಮ್ಮ ಹುಡುಗನ ಲೆಕ್ಕದಲ್ಲಿ ರಾಣಿಯ ಆಯಸ್ಸು ನೂರೈವತ್ತು ದಾಟುತ್ತದೆ! ‘ಪುಣ್ಯಾತ್ಗಿತ್ತಿ, ಗಟ್ಟಿ ಆಯಸ್ಸು’ ಅಂತ ಹೇಳಿ ಕೆಂಪು ಶಾಯಿಯಲ್ಲಿ ಗೀಟು ಹಾಕಿದೆವು.

ಆಮೇಲೆ ಇನ್ನೊಂದು ಸಲ ಓದಿದಾಗ ನಗು ಸ್ವಲ್ಪ ಕಡಿಮೆಯಾಯಿತು. ಹುಡುಗ ಯಾವುದನ್ನೂ ಕಟ್ಟಿ ಬರೆದಿರಲಿಲ್ಲ. ಒಂದೊಂದು ವಾಕ್ಯವೂ ನಿಜವೇ. ತಪ್ಪಾದದ್ದು ಒಂದೇ: ಇಬ್ಬರು ಹೆಂಗಸರು ಮಾಡಿದ್ದನ್ನು ಒಬ್ಬಳ ಲೆಕ್ಕಕ್ಕೆ ಬರೆದಿದ್ದ. ‘ಯಾವ ಚೆನ್ನಮ್ಮ’ ಅಂತ ನಾವೂ ಪ್ರಶ್ನೆಯಲ್ಲಿ ಹೇಳಿರಲಿಲ್ಲ. ಆ ತಪ್ಪಿಗೆ ನಮಗೆ ಯಾರೂ ಅಂಕ ಕಳೆಯಲಿಲ್ಲ, ಅಷ್ಟೆ.

ಇದನ್ನು ಇಲ್ಲಿಗೇ ಬಿಡುತ್ತಿದ್ದೆವೋ ಏನೋ. ಆದರೆ ಅದೇ ವಾರ ಮಸಿನಗುಡಿ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ ನಮ್ಮನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಟಿ.ಸಿ., ರೇಷನ್ ಕಾರ್ಡು, ಆಧಾರ್ ಕಾರ್ಡು, ಮತ್ತೆ ಮತ್ತೆ ಮಡಿಸಿ ಹರಿದುಹೋಗುವಂತಾಗಿದ್ದ ಒಂದೆರಡು ಅರ್ಜಿ.

“ಸಾರ್, ಈ ಟಿ.ಸಿ.ಲಿರೋ ಸುರೇಶನೂ ಈ ಕಾರ್ಡಲ್ಲಿರೋ ಬೊಮ್ಮನೂ ಒಬ್ನೇ ಅಂತ ಒಂದು ಕಾಗ್ದ ಬರ್ಕೊಡಿ ಸಾರ್.”

ಕಚೇರಿಯೊಂದರಲ್ಲಿ ಅವನ ಅರ್ಜಿ ನೋಡಿದವರು ಇವು ಇಬ್ಬರ ಕಾಗದ, ಇನ್ನೊಬ್ಬನನ್ನೂ ಕರೆದುಕೊಂಡು ಬಾ ಎಂದರಂತೆ. “ನಾನೇ ಇನ್ನೊಬ್ಬ ಸಾರ್ ಅಂದೆ, ಅವ್ರಿಗೆ ಸಿಟ್ಟು ಬಂತು” ಅಂದ.

ಈಗ ನಾವು ಒಪ್ಪಿಕೊಳ್ಳಬೇಕಾದ ಮಾತು. ಸುರೇಶ ಅನ್ನುವ ಹೆಸರು ಅವನ ಅಪ್ಪ ಅಮ್ಮ ಇಟ್ಟದ್ದಲ್ಲ, ನಾವು ಇಟ್ಟದ್ದು. ಇಪ್ಪತ್ತು ವರ್ಷದ ಹಿಂದೆ ಶಾಲೆಗೆ ಸೇರಿಸುವ ದಿನ ಒಂದೇ ತರಗತಿಗೆ ಇಬ್ಬರು ಬೊಮ್ಮರು ಬಂದಿದ್ದರು. ಇಬ್ಬರ ಅಪ್ಪಂದಿರ ಹೆಸರೂ ಮಾದ. ಹಾಗಾಗಿ ಇನಿಷಿಯಲ್ಲೂ ಒಂದೇ. ಹಾಜರಿ ಕೂಗುವಾಗ ಕಷ್ಟ, ಅಂಕಪಟ್ಟಿ ಬರೆಯುವಾಗ ಇನ್ನೂ ಕಷ್ಟ ಅಂತ ನಾವು ಒಬ್ಬನ ಅಪ್ಪನಿಗೆ, “ಇವನಿಗೆ ಬೇರೆ ಒಂದು ಒಳ್ಳೆ ಹೆಸರು ಬರೆಯೋಣವಾ?” ಎಂದೆವು. ಅವರು, “ಓದ್ದೋರು ನೀವು, ನೀವೇ ಏನಾರ ಬರ್ಕಳಿ ಸಾರ್” ಅಂದರು. ಆ ವರ್ಷ ತರಗತಿಯಲ್ಲಿ ಸುರೇಶ ಯಾರೂ ಇರಲಿಲ್ಲ. ಬರೆದೆವು. ಎರಡು ನಿಮಿಷದ ಕೆಲಸ.

ಚೆನ್ನಮ್ಮನ ಉತ್ತರ ಬರೆದ ಹುಡುಗ ಇಬ್ಬರನ್ನು ಒಬ್ಬಳನ್ನಾಗಿ ಮಾಡಿದ. ನಾವು ಒಬ್ಬನನ್ನು ಇಬ್ಬರನ್ನಾಗಿ ಮಾಡಿದೆವು. ಅವನ ತಪ್ಪಿನಿಂದ ಕೆಳದಿಗೂ ಕಿತ್ತೂರಿಗೂ ಆದ ನಷ್ಟ ಏನೂ ಇಲ್ಲ. ನಮ್ಮ ತಪ್ಪಿಗೆ ಒಬ್ಬ ಬಸ್ ಚಾರ್ಜು ಕೊಟ್ಟು ಆಫೀಸು ಆಫೀಸು ಅಲೆಯುತ್ತಿದ್ದಾನೆ.

ಒಂದೇ ಹೆಸರಿನವರು ಇಬ್ಬರಿದ್ದರೆ ಏನು ಮಾಡಬೇಕು? ಪ್ರಶ್ನೆ ಸಣ್ಣದು ಅನ್ನಿಸಬಹುದು. ನಮ್ಮ ಬೆಟ್ಟದಲ್ಲಿ ಅದು ಸಣ್ಣದಲ್ಲ. ಗೂಡಲೂರಿನಿಂದ ಮಸಿನಗುಡಿವರೆಗೆ, ಆಚೆ ಊಟಿ, ಕೋತಗಿರಿಯ ಹಟ್ಟಿಗಳವರೆಗೆ ಹೋಗಿ ನೋಡಿ. ಬೊಮ್ಮ, ಬೆಳ್ಳಿ, ಮಾದ, ನಂಜ, ಜೋಗಿ, ಲಿಂಗ. ಸಮುದಾಯ ಬೇರೆ, ಮಾತು ಬೇರೆ, ದೇವರು ಬೇರೆ, ಹೆಸರು ಮಾತ್ರ ಮತ್ತೆ ಮತ್ತೆ ಅವೇ. ಅದರ ಮೇಲೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ತಮಿಳುನಾಡಿನ ರೂಢಿಯಂತೆ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದೆ ಹಾಕಿದರೆ ಏನಾಗುತ್ತದೆ ನೋಡಿ. ಮಾದನ ಮಗ ಬೊಮ್ಮ, ಅವನು ಎಂ. ಬೊಮ್ಮನ್. ಅವನ ಮಗ ಮಾದ, ಅವನು ಬಿ. ಮಾದನ್. ಅವನ ಮಗ ಮತ್ತೆ ಬೊಮ್ಮ, ಮತ್ತೆ ಎಂ. ಬೊಮ್ಮನ್. ಅಜ್ಜನೂ ಮೊಮ್ಮಗನೂ ಕಾಗದದ ಮೇಲೆ ಒಬ್ಬನೇ! ಅಜ್ಜನ ಹೆಸರಿನ ತುಂಡು ಭೂಮಿ, ಮೊಮ್ಮಗನ ಹೆಸರಿನ ಸಾಲ, ಎರಡೂ ಒಂದೇ ಹೆಸರಿನಲ್ಲಿ ಕೂತಿರುತ್ತವೆ.

ಲಿಪಿಯ ಗೋಳು ಇನ್ನೊಂದು. ತಮಿಳಿನಲ್ಲಿ ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಬೊಮ್ಮ ಅಂತ ಹೇಳಿದ್ದನ್ನು ತಮಿಳಿನಲ್ಲಿ ಬರೆದು, ಅದನ್ನು ನೋಡಿ ಇನ್ನೊಬ್ಬರು ಇಂಗ್ಲಿಷಿಗೆ ಇಳಿಸುವಾಗ ಅವನು ಪೊಮ್ಮನ್ ಆದರೂ ಆಶ್ಚರ್ಯವಿಲ್ಲ. ಬೆಳ್ಳಿ ಪೆಳ್ಳಿಯಾಗಬಹುದು. ತಮಿಳು ಬಲ್ಲ ಗುಮಾಸ್ತರು ಅರ್ಥ ಹಿಡಿದು ಸರಿಪಡಿಸಲು ಹೋದರೆ ವೆಳ್ಳಿಯೂ ಆಗಬಹುದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಅಕ್ಷರ ಕಲಿಸುವ ನಮಗೇ ಇದು ತಡವಾಗಿ ಹೊಳೆಯಿತು ಎಂದ ಮೇಲೆ ಬೇರೆಯವರನ್ನು ಅಂದು ಏನು ಪ್ರಯೋಜನ?

ಇನಿಷಿಯಲ್ಲಿನ ಬಲ ಎಷ್ಟು ಅನ್ನುವುದಕ್ಕೆ 2024ರ ಲೋಕಸಭಾ ಚುನಾವಣೆಯೇ ಸಾಕ್ಷಿ. ರಾಮನಾಥಪುರದಲ್ಲಿ ಮಾಜಿ ಮುಖ್ಯಮಂತ್ರಿ ಓ. ಪನ್ನೀರ್‌ಸೆಲ್ವಂ ಪಕ್ಷೇತರರಾಗಿ ನಿಂತರು. ನೋಡಿದರೆ ಅದೇ ಕ್ಷೇತ್ರದಲ್ಲಿ ಇನ್ನೂ ಹಲವು ಓ. ಪನ್ನೀರ್‌ಸೆಲ್ವಂಗಳು ಹುಟ್ಟಿಕೊಂಡಿದ್ದರು. ಹೆಸರೂ ಅದೇ, ಅಪ್ಪನ ಮೊದಲಕ್ಷರವೂ ಅದೇ. ಮಾಜಿ ಮುಖ್ಯಮಂತ್ರಿಯನ್ನು ಬೇರೆಯಾಗಿ ತೋರಿಸಲು ಹಲಸಿನ ಹಣ್ಣಿನ ಚಿಹ್ನೆಯೇ ಬೇಕಾಯಿತು. ಅಷ್ಟು ದೊಡ್ಡವರ ಗತಿಯೇ ಹೀಗಾದರೆ ನಮ್ಮ ಬೊಮ್ಮನಿಗೆ ಯಾವ ಹಣ್ಣು ಕೊಡೋಣ?

ಅರಸರಿಗಾದರೆ ಈ ತೊಂದರೆ ಇಲ್ಲ. ಅವರಿಗೆ ನಂಬರು ಉಂಟು. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ. ಮೈಸೂರು ಅರಸರ ಬೇಸಗೆಯ ಅರಮನೆ ಊಟಿಯ ಫರ್ನ್‌ಹಿಲ್‌ನಲ್ಲೇ ಇದೆ. ಅದರ ಮುಂದೆ ನಿಂತು ‘ಕೃಷ್ಣರಾಜ ಒಡೆಯರು’ ಎಂದರೆ ಮಕ್ಕಳು ಕೂಡ ‘ಯಾವ ಕೃಷ್ಣರಾಜರು ಸಾರ್, ಮುಮ್ಮಡಿಯೋ ನಾಲ್ವಡಿಯೋ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಕೇಳುವುದನ್ನು ಶಾಲೆಯೇ ಕಲಿಸಿದೆ. ‘ಯಾವ ಬೊಮ್ಮ’ ಅಂತ ಕೇಳುವುದನ್ನು ಮಾತ್ರ ಕಲಿಸಲಿಲ್ಲ.

ಹಾಗಾದರೆ ಅರಸರಲ್ಲದವರನ್ನು ಬೇರೆ ಬೇರೆಯಾಗಿ ಗುರುತಿಸುವ ದಾರಿ ಕನ್ನಡದಲ್ಲಿ ಇಲ್ಲವೇ? ಇದೆ. ಎಂಟುನೂರು ವರ್ಷ ದಾಟಿದ ದಾರಿ. ಕಲ್ಯಾಣದ ಶರಣರ ಪಟ್ಟಿಯನ್ನು ಒಮ್ಮೆ ನೋಡಿ. ಅಲ್ಲಿ ಇಬ್ಬರು ಚೌಡಯ್ಯರಿದ್ದಾರೆ. ಒಬ್ಬ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಇನ್ನೊಬ್ಬ ವೇಷ ಹಾಕಿ ಕುಣಿಯುವ ಬಹುರೂಪಿ ಚೌಡಯ್ಯ. ಇಬ್ಬರು ಮಾರಯ್ಯರಿದ್ದಾರೆ. ಚೆಲ್ಲಿದ ಅಕ್ಕಿ ಆಯುವ ಆಯ್ದಕ್ಕಿ ಮಾರಯ್ಯ, ಸೌದೆ ಹೊರೆ ಮಾರುವ ಮೋಳಿಗೆ ಮಾರಯ್ಯ. ಮಹಾದೇವಿಯರೂ ಇಬ್ಬರು. ಉಡುತಡಿಯ ಅಕ್ಕಮಹಾದೇವಿ, ಮತ್ತು ಮೋಳಿಗೆ ಮಾರಯ್ಯನ ಹೆಂಡತಿ ಮೋಳಿಗೆ ಮಹಾದೇವಿ.

ಯಾರೂ ಯಾರ ಹೆಸರನ್ನೂ ಬದಲಾಯಿಸಲಿಲ್ಲ ಎಂಬುದನ್ನು ಗಮನಿಸಿ. ‘ನಮ್ಮಲ್ಲಿ ಆಗಲೇ ಒಬ್ಬ ಮಾರಯ್ಯ ಇದ್ದಾನೆ, ನೀನು ಸುರೇಶನಾಗು’ ಅಂತ ಯಾರೂ ಹೇಳಲಿಲ್ಲ. ಮಾಡುವ ಕೆಲಸವನ್ನು ಹೆಸರಿನ ಮುಂದೆ ಇಟ್ಟರು, ಮುಗಿಯಿತು. ಅದರ ಮೇಲೆ ಅಂಕಿತವೂ ಬೇರೆ. ಆಯ್ದಕ್ಕಿ ಮಾರಯ್ಯನದು ಅಮರೇಶ್ವರಲಿಂಗ, ಮೋಳಿಗೆ ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ. ಬಹುರೂಪಿ ಚೌಡಯ್ಯನದು ರೇಕಣ್ಣಪ್ರಿಯ ನಾಗಿನಾಥ. ಅಂಬಿಗರ ಚೌಡಯ್ಯನಂತೂ ದೇವರ ಹೆಸರಿನ ಗೋಜಿಗೇ ಹೋಗದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಇಂದಿಗೂ ವಚನ ಯಾರದು ಅಂತ ಗೊತ್ತು ಮಾಡಬೇಕಾದರೆ ವಿದ್ವಾಂಸರು ಮೊದಲು ನೋಡುವುದು ಅಂಕಿತವನ್ನೇ. ನಮ್ಮ ರಿಜಿಸ್ಟರಿಗಿಂತ ಅದು ಎಷ್ಟೋ ಗಟ್ಟಿ.

ಕಸುಬಿನಿಂದ ಗುರುತಿಸುವುದರಲ್ಲಿ ಅಪಾಯವೂ ಇದೆ, ಅಲ್ಲ ಅನ್ನುವುದಿಲ್ಲ. ಕಸುಬು ಎಂದರೆ ಜಾತಿ ಎಂದು ಓದುವ ಊರು ನಮ್ಮದು. ಆದರೆ ಆ ಶರಣರು ಅದನ್ನು ತಾವೇ ಎತ್ತಿ ಹೇಳಿಕೊಂಡರು. ಹುಟ್ಟು ಹಾಕುವ ಕೈ ಎಂದು ನಾಚಿಕೆಪಡಲಿಲ್ಲ.

ಈಗ ನಮ್ಮ ಬೊಮ್ಮನ ವಿಷಯಕ್ಕೆ ಬರೋಣ. ಟಿ.ಸಿ. ನೋಡುತ್ತಾ ಕೂತಿದ್ದಾಗ ನಮಗೆ ಅನ್ನಿಸಿದ್ದು, ಈ ಹೆಸರನ್ನು ‘ಒಳ್ಳೆಯ ಹೆಸರಲ್ಲ’ ಎಂದು ಆ ದಿನ ನಾವು ಯಾವ ಧೈರ್ಯದಿಂದ ತೀರ್ಮಾನಿಸಿದೆವು ಅಂತ. ಬ್ರಹ್ಮ ಅನ್ನುವುದರ ತದ್ಭವ ಬೊಮ್ಮ. ವ್ಯಾಕರಣ ಪಾಠದಲ್ಲಿ ಬರೆಸುವಾಗ ಅದು ಚೆನ್ನಾಗಿತ್ತು. ಹಾಡಿಯ ಹುಡುಗನ ಹೆಸರಾಗಿ ಬಂದಾಗ ಚೆನ್ನಾಗಿಲ್ಲ ಎನ್ನಿಸಿತು.

ಆ ಹೆಸರು ಹೊತ್ತವರನ್ನು ಲೆಕ್ಕ ಹಾಕಿ ನೋಡಿ. 12ನೇ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ಬಾರಿಸುತ್ತಿದ್ದ ಕಿನ್ನರಿ ಬೊಮ್ಮಯ್ಯ ಒಬ್ಬ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷಿಸಿದವನು ಎಂದು ಕಥೆಗಳಲ್ಲಿ ಬರುವವನು ಇವನೇ. ಅದೇ ಶತಮಾನದಲ್ಲಿ ಇತ್ತ ಹೊಯ್ಸಳ ವಿಷ್ಣುವರ್ಧನನ ರಾಣಿಯರಲ್ಲಿ ಬೊಮ್ಮಲದೇವಿ ಒಬ್ಬಳು. ಶಾಸನಗಳಲ್ಲಿ ಬಮ್ಮಲದೇವಿ ಎಂದೂ ಬರುತ್ತದೆ. ಆ ವಿಷ್ಣುವರ್ಧನನ ದಂಡನಾಯಕ ಪುಣಿಸನೇ ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದವನು. ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ ಹಾಗೆ ಹೇಳುತ್ತದೆ. ನಮ್ಮ ಬೆಟ್ಟದ ಹೆಸರು ಕನ್ನಡ ಶಾಸನಕ್ಕೆ ಹತ್ತಿದ ಕಾಲದಲ್ಲೇ ಅರಮನೆಯೊಳಗೆ ಒಬ್ಬ ಬೊಮ್ಮಲೆ ಇದ್ದಳು ಎಂದಾಯಿತು.

15ನೇ ಶತಮಾನದ ಕೊನೆಗೆ ಬನ್ನಿ. ತೆರಕಣಾಂಬಿಯಲ್ಲಿ ಒಬ್ಬ ಬೊಮ್ಮರಸ. ಗುಂಡ್ಲುಪೇಟೆಯ ಪಕ್ಕದ ತೆರಕಣಾಂಬಿ ನಮ್ಮ ಮಕ್ಕಳಿಗೆ ಗೊತ್ತಿರುವ ಊರು, ಎಷ್ಟೋ ಮಂದಿಗೆ ಅಲ್ಲಿ ನೆಂಟರಿದ್ದಾರೆ. ಆ ಜೈನ ಕವಿ ‘ಸನತ್ಕುಮಾರ ಚರಿತೆ’ಯನ್ನೂ ಜೀವಂಧರನ ಕಥೆಯನ್ನೂ ಬರೆದ. ಮಸಿನಗುಡಿಯಿಂದ ಬಂಡೀಪುರ ದಾಟಿ ಬಸ್ಸಿನಲ್ಲಿ ಹೋಗಿ ಬರಬಹುದಾದ ಊರಿನಲ್ಲಿ ಬೊಮ್ಮ ಎಂಬ ಕವಿ ಕೂತು ಕಾವ್ಯ ಬರೆದಿದ್ದ ಎಂಬುದನ್ನು ನಾವು ಒಬ್ಬ ಬೊಮ್ಮನಿಗಾದರೂ ಹೇಳಿದ್ದೇವೆಯೇ? ಇಲ್ಲ.

ತಮಿಳು ಸೀಮೆಯಲ್ಲಿ ಹುಡುಕಿದರೆ 16ನೇ ಶತಮಾನದ ವೇಲೂರಿನಲ್ಲಿ ಚಿನ್ನ ಬೊಮ್ಮ ನಾಯಕ, ಅಪ್ಪಯ್ಯ ದೀಕ್ಷಿತರಿಗೆ ಆಶ್ರಯ ಕೊಟ್ಟ ಪಾಳೆಯಗಾರ. ಇನ್ನೂ ತೆಂಕಣಕ್ಕೆ ಹೋದರೆ ಪಾಂಚಾಲಂಕುರಿಚಿಯ ವೀರಪಾಂಡ್ಯ ಕಟ್ಟಬೊಮ್ಮನ್, ಕಂಪನಿಯವರಿಗೆ ಕಪ್ಪ ಕೊಡದೆ ಎದುರು ನಿಂತು 1799ರಲ್ಲಿ ಕಯತ್ತಾರಿನಲ್ಲಿ ನೇಣಿಗೇರಿದವನು. ಇಪ್ಪತ್ತೈದು ವರ್ಷ ಕಳೆದ ಮೇಲೆ ಕಿತ್ತೂರಿನಲ್ಲಿ ನಡೆದದ್ದೂ ಅಂಥದೇ ಕಥೆ. ಅಂದ ಹಾಗೆ ಈ ಇಬ್ಬರನ್ನೂ ತೆರೆಗೆ ತಂದವರು ಒಬ್ಬರೇ, ನಮ್ಮ ಬಿ.ಆರ್. ಪಂತುಲು. 1959ರಲ್ಲಿ ತಮಿಳಿನಲ್ಲಿ ಕಟ್ಟಬೊಮ್ಮನ್, 1961ರಲ್ಲಿ ಕನ್ನಡದಲ್ಲಿ ಕಿತ್ತೂರು ಚೆನ್ನಮ್ಮ.

ಕೊನೆಗೆ ನಮ್ಮ ನೆರೆಯ ತೆಪ್ಪಕಾಡಿಗೇ ಬನ್ನಿ. ತಾಯಿ ತಪ್ಪಿದ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಮೇಲೆ ಕಾರ್ತಿಕಿ ಗೊನ್ಸಾಲ್ವಿಸ್ ತೆಗೆದ ಕಿರುಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ಕಾಟ್ಟುನಾಯಕ ಸಮುದಾಯದವರು ಅವರು, ಕನ್ನಡಕ್ಕೆ ತೀರ ಹತ್ತಿರದ ಮಾತಿನವರು. ಮರಿಗಳಲ್ಲಿ ಒಂದರ ಹೆಸರೂ ಬೊಮ್ಮಿ. ಆ ವರ್ಷ ಪ್ರಧಾನಿ ಬಂದರು, ರಾಷ್ಟ್ರಪತಿ ಬಂದರು, ಪ್ರಪಂಚದ ಪತ್ರಿಕೆಗಳೆಲ್ಲ ಬೊಮ್ಮನ್ ಎಂದು ಬರೆದವು. ಅದೇ ರಸ್ತೆಯ ಮೇಲಿನ ನಮ್ಮ ಬೊಮ್ಮ ಮಾತ್ರ ಸುರೇಶನೆಂಬ ಟಿ.ಸಿ. ಹಿಡಿದುಕೊಂಡು ಓಡಾಡುತ್ತಿದ್ದ.

ಬೆಳ್ಳಿ ಹೆಸರಿನ ಕಥೆಯೂ ಹೀಗೇ. ಒಂದು ಶತಮಾನದ ಹಿಂದೆ ಈ ಬೆಟ್ಟದಲ್ಲಿ ಬೆಳ್ಳಿ ಎಂದರೆ ಹುಬ್ಬತಲೆಯ ರಾವ್ ಬಹದ್ದೂರ್ ಬೆಳ್ಳಿ ಗೌಡರು, ಬಡಗ ಸಮುದಾಯದ ಹಿರಿಯರು. ಅವರ ಮಗ ಆರಿ ಗೌಡರು ಮದ್ರಾಸಿನ ಶಾಸನ ಪರಿಷತ್ತಿನಲ್ಲಿ ಕೂತವರು. ಈಗ ಬೆಳ್ಳಿ ಎಂದರೆ ತೆಪ್ಪಕಾಡಿನ ಬೆಳ್ಳಿಯಮ್ಮ. 2023ರಲ್ಲಿ ತಮಿಳುನಾಡು ಸರ್ಕಾರ ಆಕೆಯನ್ನು ಕಾವಾಡಿಯಾಗಿ ನೇಮಿಸಿತು, ರಾಜ್ಯದಲ್ಲಿ ಆ ಕೆಲಸಕ್ಕೆ ನೇಮಕವಾದ ಮೊದಲ ಹೆಂಗಸು ಆಕೆ. ಒಬ್ಬರು ಗಂಡಸು, ಒಬ್ಬರು ಹೆಂಗಸು. ಒಬ್ಬರು ಹಟ್ಟಿಯ ಗೌಡರು, ಒಬ್ಬರು ಕಾಡಿನ ಮಗಳು. ಒಬ್ಬರಿಗೆ ಬ್ರಿಟಿಷರ ಬಿರುದು, ಒಬ್ಬರಿಗೆ ಆನೆಮರಿಯ ಋಣ. ಹೆಸರು ಒಂದೇ. ಇಬ್ಬರನ್ನೂ ಒಂದೇ ಪಾಠದಲ್ಲಿ ಅಕ್ಕಪಕ್ಕ ಕೂರಿಸಿ ಹೇಳಿದರೆ ಮಕ್ಕಳಿಗೆ ಈ ಜಿಲ್ಲೆಯ ನೂರು ವರ್ಷದ ಚರಿತ್ರೆ ಸಿಕ್ಕಂತೆ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ನಾವು ಇನ್ನೊಂದು ತಪ್ಪು ಮಾಡಿದಂತೆ. ಹೆಸರು ಒಂದೇ ಅಂದ ಮಾತ್ರಕ್ಕೆ ಬಳಗ ಒಂದೇ ಅಲ್ಲ. ಕಟ್ಟಬೊಮ್ಮನ ಮನೆತನ ತೆಲುಗು ಮೂಲದ್ದು. ಅಲ್ಲಿನ ಬೊಮ್ಮು ನಮ್ಮ ಬೊಮ್ಮನೇ ಎಂದು ಹಟ ಹಿಡಿಯುವುದಕ್ಕೆ ಆಗದು. ಕೇಳುವುದಕ್ಕೆ ಒಂದೇ ಥರ ಇದ್ದು ಬೇರು ಬೇರೆ ಇರಬಹುದು. ‘ನಮ್ಮ ಹೆಸರಿನವನು, ಹಾಗಾಗಿ ನಮ್ಮವನು’ ಎಂದು ಸಂಘ ಕಟ್ಟುವವರು, ಬ್ಯಾನರ್ ಹಾಕಿಸುವವರು ಎರಡೂ ರಾಜ್ಯಗಳಲ್ಲಿ ಇದ್ದಾರೆ. ಹೆಸರಿಗೆ ನಾಚಿಕೊಳ್ಳುವುದು ಒಂದು ತಪ್ಪು, ಹೆಸರು ಹಿಡಿದು ಇನ್ನೊಬ್ಬರ ಅಜ್ಜನನ್ನು ಎತ್ತಿಕೊಂಡು ಬರುವುದು ಇನ್ನೊಂದು ತಪ್ಪು.

ವಿದ್ವಾಂಸರಿಗೂ ಇದು ಸುಲಭವಲ್ಲ. ‘ಛಂದೋಂಬುಧಿ’ ಬರೆದ ನಾಗವರ್ಮ 10ನೇ ಶತಮಾನದ ಕೊನೆಯವನು, ‘ಕಾವ್ಯಾವಲೋಕನ’ ಬರೆದ ನಾಗವರ್ಮ 12ನೇ ಶತಮಾನದವನು. ಇಬ್ಬರನ್ನೂ ಒಬ್ಬನೆಂದೇ ಎಣಿಸಿದವರು ಮೊದಮೊದಲು ಇದ್ದರು. ಭಾಷೆ, ಕಾಲ, ಆಶ್ರಯ ಕೊಟ್ಟ ಅರಸರು ಎಲ್ಲ ತೂಗಿ ನೋಡಿದ ಮೇಲೆ ಇಬ್ಬರು ಬೇರೆಯಾದರು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬನೋ ಇಬ್ಬರೋ ಎಂಬ ಚರ್ಚೆಯಂತೂ ಕರ್ನಾಟಕದಲ್ಲಿ ಎಷ್ಟು ಬಿಸಿಯಾಗಿ ನಡೆದಿದೆ ಎಂದು ಓದುಗರಿಗೆ ಗೊತ್ತೇ ಇದೆ. ನಾವು ಅದರ ತೀರ್ಪು ಕೊಡುವಷ್ಟು ದೊಡ್ಡವರಲ್ಲ. ಆದರೆ ಎರಡೂ ಕಡೆಯವರ ಮನಸ್ಸು ಅಷ್ಟು ಬಿಸಿಯಾಗುವುದು ಯಾಕೆ ಎಂಬುದು ನಮಗೆ ಅರ್ಥವಾಗುತ್ತದೆ. ತಮ್ಮವನೊಬ್ಬ ಇನ್ನೊಬ್ಬನೊಳಗೆ ಕರಗಿಹೋದರೆ ಯಾರಿಗೆ ತಾನೇ ಸಂಕಟವಾಗದು?

ಇಂಗ್ಲಿಷರಿಗೂ ಈ ಪಾಡು ತಪ್ಪಿದ್ದಲ್ಲ. ಊಟಿ ಎಂದ ಕೂಡಲೇ ಜಾನ್ ಸಲಿವನ್ ಹೆಸರು ಬರುತ್ತದೆ. ಕೊಯಮತ್ತೂರಿನ ಕಲೆಕ್ಟರ್, 1819ರಲ್ಲಿ ಬೆಟ್ಟ ಹತ್ತಿದವನು, 1822ರಲ್ಲಿ ಕಲ್ಲು ಬಂಗಲೆಗೆ ಕೈ ಹಾಕಿದವನು. ಅದು ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿದೆ. ಆದರೆ ಅವನಿಗಿಂತ ಮೂವತ್ತು ವರ್ಷ ಹಿಂದೆ ತಂಜಾವೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನ ಹೆಸರೂ ಜಾನ್ ಸಲಿವನ್ನೇ. ಮಿಶನರಿ ಶ್ವಾರ್ಟ್ಸ್ ಜೊತೆ ಸೇರಿ 1780ರ ದಶಕದಲ್ಲಿ ಇಂಗ್ಲಿಷ್ ಶಾಲೆಗಳ ಯೋಜನೆ ಹಾಕಿದವನು ಆತ. ಊಟಿಯ ಸಲಿವನ್ನನೇ ಆ ಶಾಲೆಗಳನ್ನೂ ತೆರೆದ ಎಂದು ಯಾರಾದರೂ ಮಗು ಬರೆದರೆ ನಾವು ತಿದ್ದಬಹುದು. ಯಾಕೆಂದರೆ ಇಬ್ಬರ ಹುದ್ದೆ, ಪತ್ರ, ಇಸವಿ ಎಲ್ಲ ಕಡತದಲ್ಲಿವೆ. ಊಟಿಯ ಸಲಿವನ್ನನ ಹೆಂಡತಿ ಮಗಳ ಸಮಾಧಿ ಕೂಡ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿದೆ, 2022ರಲ್ಲಿ ಅವನ ಪ್ರತಿಮೆಯೂ ಊಟಿಯಲ್ಲಿ ಎದ್ದಿತು. ಅವನ ಬಂಗಲೆಗೆ ಕಲ್ಲು ಹೊತ್ತವರಲ್ಲಿ ಎಷ್ಟು ಜನ ಬೊಮ್ಮ, ಎಷ್ಟು ಜನ ಮಾದ ಇದ್ದರೋ, ಅವರನ್ನು ಬೇರ್ಪಡಿಸಿ ಹೇಳುವ ಕಡತ ಯಾವುದಿದೆ?

ಹೆಸರು ಒಂದೇ ಇರುವುದು ತೊಂದರೆಯೇ ಅಲ್ಲ. ಹೆಸರಿನ ಜೊತೆ ಇನ್ನೇನನ್ನೂ ಬರೆದಿಡದೇ ಇರುವುದು ತೊಂದರೆ. ದೊಡ್ಡವರಿಗೆ ಊರು, ಕಾಲ, ಕೆಲಸ, ಅಪ್ಪ, ಅಮ್ಮ ಎಲ್ಲ ಬರೆದಿಟ್ಟೆವು. ಬಡವರಿಗೆ ಒಂದು ಅಕ್ಷರ ಕೊಟ್ಟೆವು. ಆ ಅಕ್ಷರ ಸಾಲದೆ ಹೋದಾಗ ಹೆಸರನ್ನೇ ಕಿತ್ತುಕೊಂಡೆವು.

ಇದಕ್ಕೆ ಎದುರು ಮಾತು ಇಲ್ಲವೆಂದಲ್ಲ. ಎಷ್ಟೋ ತಂದೆತಾಯಿ ತಾವಾಗಿಯೇ ಬಂದು ಹೆಸರು ಬದಲಾಯಿಸಿ ಎಂದು ಕೇಳುತ್ತಾರೆ. ಬೊಮ್ಮ, ಮಾದ ಎಂದ ಕೂಡಲೇ ಯಾವ ಹಾಡಿ, ಯಾವ ಜಾತಿ ಎಂದು ಅಳೆಯುವವರು ಇದ್ದಾರೆ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಕೆಲಸದ ಜಾಗದಲ್ಲಿ ನಗುವವರು ಇದ್ದಾರೆ. ಆ ನಗುವನ್ನು ಕೇಳಿ ಬೆಳೆದ ಅಪ್ಪ ತನ್ನ ಮಗನಿಗೆ ಅದು ಬೇಡ ಎನ್ನುವುದು ತಪ್ಪೇ? ಖಂಡಿತ ಅಲ್ಲ. ಹೆಸರು ಅವರದು, ಇಡುವ ಹಕ್ಕೂ ಬದಲಾಯಿಸುವ ಹಕ್ಕೂ ಅವರದೇ. ತಿಳಿದು ಬದಲಾಯಿಸಿಕೊಂಡವರ ಬಗ್ಗೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ನಮ್ಮ ಮೇಲೆಯೇ. ಹಾಜರಿ ಕೂಗುವ ಅನುಕೂಲಕ್ಕೆ, ನಮ್ಮ ಕಿವಿಗೆ ಇಂಪಾಗಲಿ ಅಂತ, ಕೇಳದೆ ಇದ್ದವರ ಹೆಸರನ್ನೂ ನಾವು ಬದಲಾಯಿಸಿದೆವು. ನಗುವವರನ್ನು ತಿದ್ದುವುದು ನಮ್ಮ ಕೆಲಸವಾಗಿತ್ತು. ಹೆಸರನ್ನು ತಿದ್ದುವುದು ಸುಲಭವಾಗಿ ಕಂಡಿತು.

ಹಾಗಾಗಿ ನಾವು ನಾಲ್ಕು ನಿಯಮ ಹಾಕಿಕೊಂಡಿದ್ದೇವೆ. ಬೇರೆ ಗಡಿ ಶಾಲೆಗಳ ಮೇಷ್ಟ್ರುಗಳೂ ಯೋಚಿಸಿ ನೋಡಲಿ ಅಂತ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಮಗುವನ್ನು ಸೇರಿಸಿಕೊಳ್ಳುವಾಗ ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯುವುದು. ಇಬ್ಬರು ಬೊಮ್ಮರು ಬಂದರೆ ಇಬ್ಬರೂ ಇರಲಿ. ತಂದೆ ತಾಯಿಯ ಪೂರ್ತಿ ಹೆಸರು, ಹಾಡಿ ಅಥವಾ ಹಟ್ಟಿಯ ಹೆಸರು ಪಕ್ಕದಲ್ಲಿ ಬರಲಿ.

ಎರಡನೆಯದು, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಹೆಸರನ್ನು ಅದೇ ದಿನ, ಪೋಷಕರ ಎದುರಿಗೇ ಬರೆದು ಗಟ್ಟಿಯಾಗಿ ಓದಿ ಹೇಳುವುದು. ಅವರ ರೇಷನ್ ಕಾರ್ಡು, ಆಧಾರ್ ಕಾರ್ಡುಗಳಲ್ಲಿ ಹೇಗಿದೆ ಎಂದು ಆಗಲೇ ತಾಳೆ ನೋಡುವುದು. ಇದಕ್ಕೆ ಹತ್ತು ನಿಮಿಷ ಬೇಕು. ಇಲ್ಲದಿದ್ದರೆ ಮುಂದೆ ಅವರಿಗೆ ಹತ್ತು ವರ್ಷ ಬೇಕಾಗುತ್ತದೆ.

ಮೂರನೆಯದು, ಪೋಷಕರೇ ಹೆಸರು ಬದಲಾಯಿಸಲು ಕೇಳಿದರೆ, ಆಮೇಲೆ ಯಾವ ಯಾವ ಕಾಗದ ಬದಲಾಗಬೇಕು, ಗೆಜೆಟ್ಟಿನಲ್ಲಿ ಯಾಕೆ ಹಾಕಿಸಬೇಕು ಎಂದು ಬಿಡಿಸಿ ಹೇಳುವುದು. ಆಮೇಲೂ ಬೇಕು ಎಂದರೆ ಅವರಿಷ್ಟ.

ನಾಲ್ಕನೆಯದು ಪಾಠಕ್ಕೆ ಸೇರಿದ್ದು. ಚರಿತ್ರೆಯಲ್ಲಿ ಯಾವ ಹೆಸರು ಬಂದರೂ ಮಕ್ಕಳು ನಾಲ್ಕು ಪ್ರಶ್ನೆ ಕೇಳಬೇಕು: ಯಾವ ಊರು, ಯಾರ ಮಗ ಅಥವಾ ಮಗಳು, ಯಾವ ಕಾಲ, ಏನು ಕೆಲಸ? ಚೆನ್ನಮ್ಮನಿಗೂ ಈ ನಾಲ್ಕು ಪ್ರಶ್ನೆ, ನಾಗವರ್ಮನಿಗೂ ಇವೇ, ಸಲಿವನ್ನನಿಗೂ ಇವೇ. ಮನೆಗೆ ಹೋಗಿ ತಮ್ಮ ಅಜ್ಜಿಯ ಬಗ್ಗೆಯೂ ಇದೇ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡು ಬರಲಿ. ಹೋದ ವಾರ ಹಾಗೆ ಮಾಡಿಸಿದೆವು. ಒಂದೇ ತರಗತಿಯಲ್ಲಿ ಮೂವರು ಬೆಳ್ಳಿ ಅಜ್ಜಿಯರು ಸಿಕ್ಕರು. ಒಬ್ಬರು ಟೀ ಎಸ್ಟೇಟಿನಲ್ಲಿ ಸೊಪ್ಪು ಕಿತ್ತವರು, ಒಬ್ಬರು ಸೂಲಗಿತ್ತಿ, ಒಬ್ಬರು ಜೇನು ಬಲ್ಲವರು. ಹಾಜರಿಯಲ್ಲಿ ಮೂವರೂ ಒಂದೇ ಸಾಲು ಆಗುತ್ತಿದ್ದರು.

ಚೆನ್ನಮ್ಮನ ಉತ್ತರ ಬರೆದ ಹುಡುಗನಿಗೆ ಕೆಂಪು ಗೀಟು ಅಳಿಸಿ ಅರ್ಧ ಅಂಕ ವಾಪಸು ಕೊಟ್ಟೆವು. ಇನ್ನರ್ಧ ನಮ್ಮ ಪ್ರಶ್ನೆಯ ತಪ್ಪಿಗೆ ಹೋಯಿತು ಎಂದುಕೊಳ್ಳಲಿ. ಈಗ ಅವನು ಎರಡು ಪುಟ ಬರೆದಿದ್ದಾನೆ, ಒಂದೊಂದು ಚೆನ್ನಮ್ಮನಿಗೆ ಒಂದೊಂದು.

ಬೊಮ್ಮನಿಗೆ ಕಾಗದ ಬರೆದುಕೊಟ್ಟೆವು. ಇಂಥ ವರ್ಷ ಇಂಥ ತರಗತಿಗೆ ಸೇರಿದ ಸುರೇಶ ಎಂಬವನೂ ಮಾದನ ಮಗ ಬೊಮ್ಮನೂ ಒಬ್ಬನೇ, ಹೆಸರು ಬದಲಾಯಿಸಿದ್ದು ಶಾಲೆಯ ಅನುಕೂಲಕ್ಕಾಗಿ, ಪೋಷಕರ ಕೋರಿಕೆಯಿಂದಲ್ಲ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿದೆವು. ಆ ಕಾಗದ ಎಷ್ಟು ಕೆಲಸ ಮಾಡುತ್ತದೋ ನೋಡಬೇಕು. ಇನ್ನೂ ಏನೂ ಸುದ್ದಿ ಬಂದಿಲ್ಲ.

ಹೊರಡುವಾಗ ಬಾಗಿಲ ಹತ್ತಿರ ನಿಂತು ಒಂದು ಮಾತು ಕೇಳಿದ. “ಬರೋ ಜೂನಿಗೆ ನನ್ನ ಮಗನ್ನ ಸೇರ್ಸಬೇಕು ಸಾರ್. ನಮ್ಮಪ್ಪನ ಹೆಸ್ರೇ ಇಟ್ಟಿದೀನಿ, ಮಾದ ಅಂತ.”

“ಹಾಗೇ ಬರೆಸು” ಎಂದೆವು.

“ಬರೆಸ್ತೀನಿ ಸಾರ್. ಇನಿಷಿಯಲ್ಲು? ಬೊಮ್ಮಂದು ಬಿ ಹಾಕಲಾ, ಸುರೇಶಂದು ಎಸ್ ಹಾಕಲಾ?”

ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ. ಜೂನಿನೊಳಗೆ ಸರಿ ಮಾಡೋಣ ಬಾ ಎಂದು ಕಳಿಸಿದ್ದೇವೆ.